ಕೀಲಿನ ಶಸ್ತ್ರಚಿಕಿತ್ಸೆಯೂ ರಕ್ತಸಂರಕ್ಷಣೆಯೂ



ಮನುಷ್ಯನು ನಿಲ್ಲುವುದಕ್ಕೂ ನಡೆಯುವುದಕ್ಕೂ, ಮೆಟ್ಟಿಲೇರುವುದಕ್ಕೂ, ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವುದಕ್ಕೂ ಆಧಾರವಾಗಿರತಕ್ಕ ಸಂಧಿಯೆಂದರೆ ಸೊಂಟದ ಕೀಲು. ತೊಡೆಯ ಮೂಳೆಯ ಮೇಲ್ತುದಿಯ ದುಂಡನೆಯ ತಲೆಯು ಶ್ರೋಣಿಯ ಬಟ್ಟಲಿನಾಕಾರದ ಕುಳಿಯಲ್ಲಿ, ನುಣುಪಾದ ಮೃದ್ವಸ್ಥಿಯ ಹೊದಿಕೆಯ ಮೇಲೆ, ಸರಾಗವಾಗಿ ತಿರುಗುತ್ತಿರುವಷ್ಟು ಕಾಲ ಅದರ ಇರವೇ ನಮ್ಮ ಅರಿವಿಗೆ ಬಾರದು. ಆ ಹೊದಿಕೆ ಸವೆದು ಮೂಳೆಗೆ ಮೂಳೆ ತಿಕ್ಕತೊಡಗಿತೆಂದರೆ, ರಾತ್ರಿ ಹಾಸಿಗೆಯಲ್ಲಿ ಮಗ್ಗುಲು ಬದಲಿಸುವುದೂ ಒಂದು ಪ್ರಯಾಸವಾಗಿ ಪರಿಣಮಿಸುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಈ ಕೀಲು ಕೆಡುವುದು ಬಹುಮಟ್ಟಿಗೆ ವೃದ್ಧಾಪ್ಯದ ಸವೆತದಿಂದ. ನಮ್ಮ ದೇಶದಲ್ಲಾದರೋ, ರಕ್ತಸಂಚಾರ ನಿಂತು ಮೂಳೆಯ ತಲೆ ನಿರ್ಜೀವವಾಗುವ ವ್ಯಾಧಿಯಿಂದಲೂ, ಬೆನ್ನೆಲುಬಿನ ಜೊತೆಗೆ ಸೊಂಟವನ್ನೂ ಬಿಗಿದುಬಿಡುವ ಸಂಧಿವಾತದಿಂದಲೂ, ಹಿಂದೆಂದೋ ಮುರಿದು ಸರಿಯಾಗಿ ಕೂಡದೆ ಉಳಿದ ಮೂಳೆಯಿಂದಲೂ, ದುಡಿದು ಸಂಸಾರ ಸಾಕುವ ಪ್ರಾಯದವರೇ ಎಷ್ಟೋ ಮಂದಿ ಈ ಕಷ್ಟಕ್ಕೆ ಸಿಲುಕುತ್ತಾರೆ.

ಕೆಟ್ಟ ಕೀಲನ್ನು ತೆಗೆದು ಅದರ ಸ್ಥಾನದಲ್ಲಿ ಕೃತಕವಾದುದನ್ನು ಕೂಡಿಸಬೇಕೆಂಬ ಯೋಚನೆ ಹಳೆಯದು. 1891ರಷ್ಟು ಹಿಂದೆಯೇ ಬರ್ಲಿನ್ನಿನ ಥೆಮಿಸ್ಟೊಕ್ಲಿಸ್ ಗ್ಲುಕ್ ಎಂಬ ವೈದ್ಯನು ಆನೆಯ ದಂತದಿಂದ ಕಡೆದ ಕೀಲನ್ನು ಪ್ರಯೋಗಿಸಿದ್ದನು. ಆದರೆ ಅದು ನಂಬತಕ್ಕ ಚಿಕಿತ್ಸೆಯಾಗಿ ನೆಲೆಗೊಂಡದ್ದು 1962ರ ನವೆಂಬರ್ ತಿಂಗಳಿನಿಂದೀಚೆಗೆ. ಇಂಗ್ಲೆಂಡಿನ ಲ್ಯಾಂಕಷೈರ್ ಸೀಮೆಯ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್‌ಲಿ ಎಂಬ ಶಸ್ತ್ರವೈದ್ಯರು, ತಾವು ಮೊದಲು ನೆಚ್ಚಿದ್ದ ಟೆಫ್ಲಾನ್ ಬಟ್ಟಲುಗಳು ಕೆಲವೇ ವರ್ಷಗಳಲ್ಲಿ ಸವೆದುಹೋದುದನ್ನು ಕಂಡು ಕಂಗೆಡದೆ, ಗಟ್ಟಿಯಾದ ಪಾಲಿಎಥಿಲೀನ್ ಬಟ್ಟಲನ್ನೂ ಸಣ್ಣ ಉಕ್ಕಿನ ತಲೆಯನ್ನೂ ಒಂದಕ್ಕೊಂದು ಜೋಡಿಸಿ ಹೊಸ ಕೀಲನ್ನು ರೂಪಿಸಿದರು. ಅಂದಿನಿಂದ ಇಂದಿನವರೆಗೆ ಲೋಕದಲ್ಲಿ ಲಕ್ಷಾಂತರ ಜನ ಈ ವಿದ್ಯೆಯ ಫಲವಾಗಿ ಮತ್ತೆ ನಡೆದಾಡಿದ್ದಾರೆ. ಈ ಲೋಹವನ್ನೂ ಪ್ಲಾಸ್ಟಿಕ್ಕನ್ನೂ ಕುರಿತು ಕೇಳುವ ಕುತೂಹಲ ನಮ್ಮ ಜನಕ್ಕೆ ಸಾಕಷ್ಟಿದೆ. ಯಾವ ಕಂಪೆನಿಯ ಕೀಲು, ಎಷ್ಟು ವರ್ಷ ಬಾಳುತ್ತದೆ, ಎಷ್ಟು ಹಣವಾಗುತ್ತದೆ ಎಂದು ವಿಚಾರಿಸದವರಿಲ್ಲ. ಆದರೆ ಆ ಕೀಲು ಹೊಂದಿಕೊಳ್ಳುವ ಶರೀರದಲ್ಲಿ ರಕ್ತವೆಷ್ಟಿದೆ, ಶಸ್ತ್ರಕ್ರಿಯೆಯಲ್ಲಿ ನಷ್ಟವಾಗತಕ್ಕದ್ದು ಎಷ್ಟು, ಆ ನಷ್ಟವನ್ನು ತುಂಬಿಕೊಡುವ ಬಗೆ ಯಾವುದು ಎಂದು ಕೇಳುವವರು ವಿರಳ. ಈ ಹೊತ್ತು ನಾನು ವಿಜ್ಞಾಪಿಸಬೇಕೆಂದಿರುವುದು ಆ ವಿಚಾರವನ್ನೇ.

ಮೊದಲು, ರಕ್ತ ಹೋಗುವುದಾದರೂ ಏಕೆ ಎಂಬುದನ್ನು ನೋಡೋಣ. ಮಂಡಿಯ ಶಸ್ತ್ರಚಿಕಿತ್ಸೆಯಲ್ಲಿ ತೊಡೆಗೆ ಬಿಗಿಯಾದ ಪಟ್ಟಿಯನ್ನು ಸುತ್ತಿ ರಕ್ತಪ್ರವಾಹವನ್ನು ಸ್ವಲ್ಪ ಕಾಲ ತಡೆಯುವುದು ಸಾಧ್ಯ. ಸೊಂಟವು ಕಾಲಿಗೂ ಮುಂಡಕ್ಕೂ ಸೇರುವೆಯಾದ ಸ್ಥಳವಾದುದರಿಂದ ಅಲ್ಲಿ ಹಾಗೆ ಕಟ್ಟುವುದಕ್ಕೆ ಎಡೆಯಿಲ್ಲ. ಸ್ನಾಯುಗಳ ದಪ್ಪನಾದ ಪದರಗಳನ್ನು ಸರಿಸಿ ಕೀಲನ್ನು ತಲುಪಬೇಕು. ತೊಡೆಮೂಳೆಯ ಕೊರಳನ್ನು ಕೊಯ್ಯಬೇಕು. ಶ್ರೋಣಿಯ ಕುಳಿಯನ್ನು ಕೆರೆದು ಹದಗೊಳಿಸಬೇಕು. ತೊಡೆಮೂಳೆಯ ಒಳನಾಳವನ್ನು ತೆರೆದು ಅದರಲ್ಲಿ ಲೋಹದ ಕಾಂಡವನ್ನು ಇಳಿಸಬೇಕು. ಹೀಗೆ ತೆರೆಯಲ್ಪಟ್ಟ ಮೂಳೆಯ ಒಳಭಾಗವು ಸೂಕ್ಷ್ಮವಾದ ರಕ್ತನಾಳಗಳಿಂದ ನಿಬಿಡವಾದುದು. ಮಾಂಸದಲ್ಲಿ ಸ್ರವಿಸುವ ನಾಳವನ್ನು ಹಿಡಿದು ಕಟ್ಟಬಹುದು, ವಿದ್ಯುತ್ತಿನ ಶಾಖದಿಂದ ಮುಚ್ಚಬಹುದು; ಮೂಳೆಯೊಳಗಿಂದ ಒಸರುವುದನ್ನು ಹಾಗೆ ಕಟ್ಟಿ ನಿಲ್ಲಿಸಲು ಬಾರದು. ಇಷ್ಟಲ್ಲದೆ, ಗಾಯವನ್ನು ಹೊಲಿದ ಮೇಲೂ ರಕ್ತವು ಒಳಗೊಳಗೇ ಸ್ನಾಯುಗಳ ನಡುವೆ ಇಂಗುತ್ತಿರುತ್ತದೆ. ಕಣ್ಣಿಗೆ ಬೀಳದ ಈ ಗುಪ್ತಸ್ರಾವವನ್ನೂ ಸೇರಿಸಿ ಲೆಕ್ಕ ಹಾಕಿದರೆ ಒಟ್ಟು ನಷ್ಟವು ಅನೇಕರಲ್ಲಿ ಒಂದು ಲೀಟರನ್ನು ಮುಟ್ಟುತ್ತದೆ, ಕೆಲವರಲ್ಲಿ ಅದನ್ನು ಮೀರುತ್ತದೆ. ಶಸ್ತ್ರಕ್ರಿಯೆ ಸುಗಮವಾಗಿ ಮುಗಿಯಿತೆಂದು ಎಲ್ಲರೂ ನೆಮ್ಮದಿಗೊಂಡಿರುವಾಗಲೇ ಎರಡನೆಯ ಅಥವಾ ಮೂರನೆಯ ದಿನ ರೋಗಿಯ ಹಿಮೋಗ್ಲೋಬಿನ್ ಇಳಿದಿರುವುದು ಕಂಡುಬರುವುದಕ್ಕೆ ಇದೇ ಮುಖ್ಯ ಕಾರಣ.

ಈ ನಷ್ಟದ ಅರ್ಥವನ್ನು ಒಂದು ಸಣ್ಣ ಗಣಿತದಿಂದ ತಿಳಿಯಬಹುದು. ಅರವತ್ತು ಕಿಲೋ ತೂಕದ ಒಬ್ಬ ಹೆಂಗಸಿನ ದೇಹದಲ್ಲಿರುವ ರಕ್ತ ಸುಮಾರು ನಾಲ್ಕು ಲೀಟರು. ಅದರಲ್ಲಿ ಒಂದು ಲೀಟರು ಹೋಯಿತೆಂದರೆ ಕಾಲು ಪಾಲು ಹೋದಂತಾಯಿತು. ಹೋದ ಜಾಗವನ್ನು ನರದ ಮೂಲಕ ಕೊಟ್ಟ ದ್ರವವೂ ದೇಹದ ನೀರೂ ತುಂಬುವುವೇ ಹೊರತು ಕೆಂಪುಕಣಗಳು ಅಷ್ಟು ಬೇಗ ಹುಟ್ಟಿ ಬರಲಾರವು. ಆದಕಾರಣ, ನೂರು ಮಿಲಿಲೀಟರು ರಕ್ತಕ್ಕೆ 13 ಗ್ರಾಂ ಹಿಮೋಗ್ಲೋಬಿನ್ ಇಟ್ಟುಕೊಂಡು ಬಂದವಳು ಹತ್ತರ ಆಸುಪಾಸಿಗೆ ಇಳಿದು, ಕೊಂಚ ಸುಸ್ತಾದರೂ ಮಾರನೆಯ ದಿನ ಎದ್ದು ಹೆಜ್ಜೆಯಿಡುತ್ತಾಳೆ. 10 ಗ್ರಾಂ ಇಟ್ಟುಕೊಂಡು ಬಂದವಳು ಏಳೂವರೆಗೆ ಇಳಿದು, ಎದ್ದು ನಿಂತರೆ ತಲೆ ಸುತ್ತಿ, ಎದೆ ಹೊಡೆದುಕೊಂಡು, ಬೇರೆಯವರ ರಕ್ತಕ್ಕೆ ಕೈಯೊಡ್ಡಬೇಕಾಗುತ್ತದೆ. ಶಸ್ತ್ರವೈದ್ಯನು ಒಬ್ಬನೇ, ಕೌಶಲ ಒಂದೇ, ನಷ್ಟವೂ ಒಂದೇ. ಆದರೂ ಫಲ ಬೇರೆ. ಆ ವ್ಯತ್ಯಾಸವು ಶಸ್ತ್ರಶಾಲೆಯಲ್ಲಿ ಹುಟ್ಟಿದ್ದಲ್ಲ. ಅದಕ್ಕೆ ಎಷ್ಟೋ ವಾರಗಳ ಮೊದಲೇ ನಿಶ್ಚಿತವಾಗಿದ್ದುದು.

ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಂತೆ ಗಂಡಸರಲ್ಲಿ ಹಿಮೋಗ್ಲೋಬಿನ್ 13 ಗ್ರಾಮಿಗಿಂತಲೂ, ಗರ್ಭಿಣಿಯಲ್ಲದ ಹೆಂಗಸರಲ್ಲಿ 12 ಗ್ರಾಮಿಗಿಂತಲೂ ಕಡಿಮೆಯಿದ್ದರೆ ಅದು ರಕ್ತಹೀನತೆ. ದೊಡ್ಡ ಶಸ್ತ್ರಚಿಕಿತ್ಸೆಯ ಸಂದರ್ಭದಲ್ಲಾದರೆ ಹೆಂಗಸರಿಗೂ 13 ಗ್ರಾಮಿನ ಗುರಿಯನ್ನೇ ಇಟ್ಟುಕೊಳ್ಳಬೇಕೆಂದು ಈಚಿನ ತಜ್ಞರು ಹೇಳುತ್ತಾರೆ. ಅದು ನ್ಯಾಯವೂ ಹೌದು, ಏಕೆಂದರೆ ದೇಹದಲ್ಲಿ ರಕ್ತದ ಒಟ್ಟು ಪ್ರಮಾಣವೇ ಕಡಿಮೆಯಿರುವ ಹೆಂಗಸಿಗೆ ಅದೇ ಒಂದು ಲೀಟರಿನ ನಷ್ಟ ಹೆಚ್ಚು ಭಾರವಾಗುತ್ತದೆ. ನಮ್ಮ ದೇಶದ ಸ್ಥಿತಿ ಈ ವಿಷಯದಲ್ಲಿ ಶೋಚನೀಯವಾದುದು. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಹದಿನೈದರಿಂದ ನಲವತ್ತೊಂಬತ್ತು ವಯಸ್ಸಿನ ಭಾರತೀಯ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೂ, ಅದೇ ವಯಸ್ಸಿನ ಪುರುಷರಲ್ಲಿ ನೂರಕ್ಕೆ 25 ಮಂದಿಗೂ ರಕ್ತಹೀನತೆಯಿದೆ. ವಯಸ್ಸಾಯಿತು, ಮುಖ ಬಿಳಿಚುವುದೂ ಏದುಸಿರು ಬರುವುದೂ ಸಹಜವೇ ಎಂದು ಮನೆಯ ಹಿರಿಯರ ವಿಚಾರದಲ್ಲಿ ನಾವು ಸಮಾಧಾನ ತಂದುಕೊಳ್ಳುತ್ತೇವೆ. ರಕ್ತಹೀನತೆಯು ವಯಸ್ಸಿನ ಲಕ್ಷಣವಲ್ಲ. ಅದಕ್ಕೆ ಕಾರಣವೊಂದು ಇದ್ದೇ ಇರುತ್ತದೆ, ಆ ಕಾರಣವನ್ನು ಹುಡುಕುವುದೇ ಚಿಕಿತ್ಸೆಯ ಮೊದಲ ಹೆಜ್ಜೆ.

ಸೊಂಟದ ಕೀಲು ಕೆಟ್ಟವರಲ್ಲಿ ಈ ಕಾರಣಗಳು ಕೆಲವು ವಿಶೇಷವಾಗಿ ಕಾಣಿಸಿಕೊಳ್ಳುತ್ತವೆ. ನೋವು ತಡೆಯಲಾರದೆ ವರ್ಷಗಟ್ಟಲೆ ಅಂಗಡಿಯಿಂದ ಗುಳಿಗೆ ತಂದು ನುಂಗಿದವರ ಜಠರದಲ್ಲಿ ಹುಣ್ಣಾಗಿ, ಮಲದೊಡನೆ ರಕ್ತವು ಅಷ್ಟಷ್ಟಾಗಿ, ಅವರಿಗೆ ತಿಳಿಯದಂತೆಯೇ ಹೋಗುತ್ತಿರಬಹುದು. ಮೂಲವ್ಯಾಧಿಯನ್ನು ಸಂಕೋಚದಿಂದ ಮುಚ್ಚಿಟ್ಟವರೂ, ಮುಟ್ಟಿನ ಅತಿಸ್ರಾವವನ್ನು ಹಣೆಬರಹವೆಂದು ಸಹಿಸಿಕೊಂಡವರೂ, ಬರಿಗಾಲಿನಲ್ಲಿ ಗದ್ದೆ ತೋಟಗಳಲ್ಲಿ ದುಡಿದು ಕೊಕ್ಕೆಹುಳುವಿಗೆ ಆಶ್ರಯ ಕೊಟ್ಟವರೂ ಇದ್ದಾರೆ. ದೊಡ್ಡ ಕರುಳಿನ ಗಂತಿಯು ರಕ್ತಹೀನತೆಯ ರೂಪದಲ್ಲಿಯೇ ಮೊಟ್ಟಮೊದಲು ತಲೆದೋರುವುದುಂಟು. ಆದ್ದರಿಂದ ಐವತ್ತು ದಾಟಿದವರಿಗೆ ಕಬ್ಬಿಣದ ಗುಳಿಗೆ ಬರೆದುಕೊಟ್ಟು ಕಳುಹಿಸಿಬಿಟ್ಟರೆ ಸಾಲದು, ಅದು ಎಲ್ಲಿ ಸೋರಿಹೋಯಿತೆಂದು ನೋಡಬೇಕು. ಮಾಂಸ ಮೊಟ್ಟೆಗಳನ್ನು ಮುಟ್ಟದವರಲ್ಲಿ ಬಿ-12 ಜೀವಸತ್ವದ ಕೊರತೆ ಸಾಮಾನ್ಯ. ಮೂತ್ರಪಿಂಡಗಳು ಸೊರಗಿದವರಲ್ಲಿ, ಕೆಂಪುಕಣಗಳನ್ನು ಹುಟ್ಟಿಸೆಂದು ಮಜ್ಜೆಗೆ ಪ್ರೇರಣೆ ಕೊಡುವ ಎರಿಥ್ರೊಪೊಯೆಟಿನ್ ಎಂಬ ರಸವೇ ಕಡಿಮೆಯಾಗಿರುತ್ತದೆ. ಚಾಮರಾಜನಗರ, ಮೈಸೂರು, ಕೊಡಗು ಜಿಲ್ಲೆಗಳ ಗಿರಿಜನರಲ್ಲಿ ಕಂಡುಬರುವ ಸಿಕಲ್ ಸೆಲ್ ರೋಗವಂತೂ ಎರಡು ಬಗೆಯಲ್ಲಿ ಬಾಧಿಸುತ್ತದೆ: ವಕ್ರಾಕಾರ ತಾಳಿದ ಕಣಗಳು ನಾಳಗಳನ್ನು ಮುಚ್ಚಿ ತೊಡೆಮೂಳೆಯ ತಲೆಯನ್ನು ಎಳೆಯ ವಯಸ್ಸಿನಲ್ಲೇ ಕೆಡಿಸುತ್ತವೆ, ಅವೇ ಕಣಗಳು ಅಕಾಲದಲ್ಲಿ ಒಡೆದು ರಕ್ತಹೀನತೆಯನ್ನೂ ಉಂಟುಮಾಡುತ್ತವೆ. ಅಂಥವರಿಗೆ ಪರೀಕ್ಷೆಯಿಲ್ಲದೆ ಕಬ್ಬಿಣ ಕೊಡುವುದು ಉಪಕಾರವಲ್ಲ, ಅಪಕಾರ.

ಈ ಎಲ್ಲ ಕಾರಣಗಳಲ್ಲಿ ಅಗ್ರಸ್ಥಾನವು ಕಬ್ಬಿಣದ ಕೊರತೆಗೇ ಸಲ್ಲತಕ್ಕದ್ದು. ನಮ್ಮ ಹಳೆಯ ಮನೆಗಳಲ್ಲಿ ಸುಗ್ಗಿಯ ಧಾನ್ಯವನ್ನು ಹಗೇವಿನಲ್ಲಿ ತುಂಬಿಟ್ಟು, ಬರಗಾಲದಲ್ಲಿ ತೆಗೆದು ಉಣ್ಣುತ್ತಿದ್ದರಷ್ಟೆ. ದೇಹವೂ ಹಾಗೆಯೇ ಯಕೃತ್ತು ಮಜ್ಜೆಗಳಲ್ಲಿ ಕಬ್ಬಿಣವನ್ನು ಕೂಡಿಟ್ಟುಕೊಂಡು ರಕ್ತ ನಷ್ಟವಾದ ಕಾಲದಲ್ಲಿ ಅದನ್ನು ಬಳಸುತ್ತದೆ. ಒಂದು ಲೀಟರು ರಕ್ತದೊಂದಿಗೆ ಹೊರಹೋಗುವ ಕಬ್ಬಿಣ ಸುಮಾರು 400 ಮಿಲಿಗ್ರಾಂ. ನಾವು ಉಣ್ಣುವ ಆಹಾರದಿಂದ ಕರುಳು ಸಾಮಾನ್ಯವಾಗಿ ಹೀರಿಕೊಳ್ಳುವುದು ದಿನಕ್ಕೆ ಒಂದೆರಡು ಮಿಲಿಗ್ರಾಂ ಮಾತ್ರ. ಹಗೇವು ತುಂಬಿದ್ದವನು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾನೆ. ಅದು ಬರಿದಾಗಿದ್ದವನು ಹೊಸ ಕೀಲಿದ್ದೂ ತಿಂಗಳುಗಟ್ಟಲೆ ಬಸವಳಿದಿರುತ್ತಾನೆ. ಈ ದಾಸ್ತಾನು ಎಷ್ಟಿದೆಯೆಂಬುದನ್ನು ಫೆರಿಟಿನ್ ಎಂಬ ರಕ್ತಪರೀಕ್ಷೆ ತಿಳಿಸುತ್ತದೆ. ಅದು 30ಕ್ಕಿಂತ ಕಡಿಮೆಯಿದ್ದರೆ ದಾಸ್ತಾನು ಬರಿದೆಂದೇ ತಿಳಿಯಬೇಕು. ಸಂಧಿವಾತದಂಥ ಉರಿಯೂತವಿದ್ದರೆ ಫೆರಿಟಿನ್ ತಾನಾಗಿ ಏರಿರುವುದರಿಂದ ಅಂಥವರಲ್ಲಿ 100ರ ಕೆಳಗಿರುವುದೂ ಅನುಮಾನಕ್ಕೆ ಆಸ್ಪದ. ಹಿಮೋಗ್ಲೋಬಿನ್ ಸರಿಯಾಗಿದ್ದೂ ದಾಸ್ತಾನು ಮುಗಿದಿರುವುದುಂಟೆಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ.

ಈಗ ಪರಿಹಾರದ ಮಾತಿಗೆ ಬರೋಣ. ಸೊಂಟದ ಕೀಲನ್ನು ಬದಲಿಸುವುದು ಬಹುತೇಕ ಸಂದರ್ಭಗಳಲ್ಲಿ ದಿನ ಗೊತ್ತುಮಾಡಿಕೊಂಡು ನಡೆಸುವ ಚಿಕಿತ್ಸೆ. ನೋವನ್ನು ವರ್ಷಗಳಿಂದ ಅನುಭವಿಸಿದ ರೋಗಿ ಇನ್ನೊಂದು ತಿಂಗಳು ಕಾದರೆ ಕೀಲಿಗೆ ಬರುವ ಹೊಸ ಹಾನಿ ಸಾಧಾರಣವಾಗಿ ಇಲ್ಲ. ಆ ಒಂದು ತಿಂಗಳಿನಿಂದ ರಕ್ತಕ್ಕೆ ಆಗುವ ಲಾಭವಾದರೋ ಅಪಾರ. ಆದುದರಿಂದಲೇ ರಕ್ತಪರೀಕ್ಷೆಯನ್ನು ಶಸ್ತ್ರಕ್ರಿಯೆಯ ಮುನ್ನಾದಿನ ಮಾಡಿಸದೆ ಕನಿಷ್ಠಪಕ್ಷ ನಾಲ್ಕು ವಾರ, ಸಾಧ್ಯವಾದರೆ ಆರೆಂಟು ವಾರ ಮುಂಚಿತವಾಗಿಯೇ ಮಾಡಿಸಬೇಕು. ಕಬ್ಬಿಣದ ಗುಳಿಗೆಗಳು ಅಗ್ಗವಾದವು, ಎಲ್ಲ ಕಡೆಯೂ ದೊರೆಯುವಂಥವು. ಕೊರತೆ ಕಬ್ಬಿಣದ್ದೇ ಆಗಿದ್ದು, ಕರುಳು ಅದನ್ನು ಒಪ್ಪಿಕೊಂಡರೆ, ಮೂರು ನಾಲ್ಕು ವಾರಗಳಲ್ಲಿ ಹಿಮೋಗ್ಲೋಬಿನ್ ಒಂದರಿಂದ ಎರಡು ಗ್ರಾಮಿನಷ್ಟು ಏರುತ್ತದೆ. ದಿನಕ್ಕೆ ಮೂರು ಸಲ ನುಂಗಿದರೆ ಮೂರು ಪಟ್ಟು ಗುಣವೆಂಬುದು ಮಾತ್ರ ಸರಿಯಲ್ಲ. ಒಂದು ಗುಳಿಗೆ ಒಳಹೊಕ್ಕೊಡನೆ ಯಕೃತ್ತಿನಿಂದ ಹೆಪ್ಸಿಡಿನ್ ಎಂಬ ಹಾರ್ಮೋನು ಹೊರಟು ಸುಮಾರು ಒಂದು ದಿನದವರೆಗೆ ಕಬ್ಬಿಣದ ಹೀರುವಿಕೆಯನ್ನು ತಗ್ಗಿಸುತ್ತದೆ. ಹೀಗೆಂದು ತಿಳಿದ ಮೇಲೆ, ದಿನಕ್ಕೊಂದು ಅಥವಾ ದಿನ ಬಿಟ್ಟು ದಿನಕ್ಕೊಂದು ಗುಳಿಗೆ ಕೊಡುವ ಪದ್ಧತಿ ಬಳಕೆಗೆ ಬಂದಿದೆ. ಇದರಿಂದ ಹೊಟ್ಟೆಯುರಿ, ಮಲಬದ್ಧತೆಗಳ ಉಪದ್ರವವೂ ಕಡಿಮೆಯಾಗುತ್ತದೆ.

ಗುಳಿಗೆ ಹಿಡಿಸದವರಿಗೂ, ಶಸ್ತ್ರಕ್ರಿಯೆಯ ದಿನ ಸಮೀಪಿಸಿದವರಿಗೂ, ಉರಿಯೂತದಿಂದಾಗಿ ಕರುಳಿನ ಬಾಗಿಲು ಮುಚ್ಚಿಕೊಂಡವರಿಗೂ ನರದ ಮೂಲಕ ಕಬ್ಬಿಣವನ್ನು ಕೊಡುವ ಮಾರ್ಗವಿದೆ. ಇಂದಿನ ಕೆಲವು ಔಷಧಗಳನ್ನು ಒಂದೇ ಸಲಕ್ಕೆ 1000 ಮಿಲಿಗ್ರಾಮಿನವರೆಗೆ ಸುರಕ್ಷಿತವಾಗಿ ಕೊಡಬಹುದು. ಆದರೂ ಇದು ವೈದ್ಯರ ಕಣ್ಣೆದುರಿನಲ್ಲೇ ಆಗತಕ್ಕ ಕಾರ್ಯ. ಇದರ ಶಕ್ತಿಯನ್ನು ಅತಿಶಯೋಕ್ತಿಯಿಂದ ವರ್ಣಿಸುವುದು ಉಚಿತವಲ್ಲ. 2020ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆಯಲ್ಲಿ, ಉದರದ ಶಸ್ತ್ರಚಿಕಿತ್ಸೆಗೆ ಕೆಲವೇ ವಾರ ಮೊದಲು ಎಲ್ಲ ರಕ್ತಹೀನರಿಗೂ ಹೀಗೆ ಕಬ್ಬಿಣ ಕೊಟ್ಟುದರಿಂದ ರಕ್ತ ಪಡೆಯಬೇಕಾದವರ ಸಂಖ್ಯೆ ಕಡಿಮೆಯಾಗಲಿಲ್ಲ. ಕಾರಣವನ್ನರಿತು, ಯಾರಿಗೆ ಕಬ್ಬಿಣವೇ ಕೊರತೆಯೋ ಅವರಿಗೆ, ಮಜ್ಜೆಗೆ ಕೆಲಸ ಮಾಡಲು ಸಾಕಷ್ಟು ಕಾಲಾವಕಾಶವಿರುವಂತೆ ಕೊಡಬೇಕೆಂಬುದೇ ಇದರಿಂದ ನಾನು ಗ್ರಹಿಸುವ ಪಾಠ.

ಆಹಾರದ ವಿಚಾರವಾಗಿ ಎರಡು ಮಾತು. ನುಗ್ಗೆಸೊಪ್ಪು, ಹುರುಳಿ, ರಾಗಿ, ಎಳ್ಳು ಇವೆಲ್ಲ ಒಳ್ಳೆಯ ಪದಾರ್ಥಗಳೇ; ಆದರೆ ಸಸ್ಯಾಹಾರದ ಕಬ್ಬಿಣವನ್ನು ಕರುಳು ಮಾಂಸಾಹಾರದ್ದರಷ್ಟು ಸುಲಭವಾಗಿ ಸ್ವೀಕರಿಸುವುದಿಲ್ಲ. ಕಾಳನ್ನೂ ರಾಗಿಯನ್ನೂ ಮೊಳಕೆ ಬರಿಸಿ ಬಳಸಿದರೆ, ಊಟದ ಜೊತೆಗೆ ನಿಂಬೆಹುಳಿ, ನೆಲ್ಲಿಕಾಯಿ, ಸೀಬೆಹಣ್ಣುಗಳಲ್ಲಿ ಯಾವುದಾದರೊಂದನ್ನು ಸೇವಿಸಿದರೆ ಆ ಗ್ರಹಣಶಕ್ತಿ ಹೆಚ್ಚುತ್ತದೆ. ಊಟವಾದೊಡನೆ ಕಾಫಿಯನ್ನೋ ಚಹವನ್ನೋ ಕುಡಿದರೆ ಕುಗ್ಗುತ್ತದೆ. ಕಾಫಿಯನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಊಟಕ್ಕೂ ಗುಳಿಗೆಗೂ ಅದಕ್ಕೂ ಒಂದೆರಡು ಗಂಟೆಗಳ ಅಂತರವಿರಲಿ. ಇಷ್ಟಾದರೂ, ಈಗಾಗಲೇ ಬರಿದಾದ ದಾಸ್ತಾನನ್ನು ಕೆಲವೇ ವಾರಗಳಲ್ಲಿ ಊಟ ಒಂದರಿಂದಲೇ ತುಂಬಿಸುವುದು ಅಸಾಧ್ಯ. ಬೀಟ್‌ರೂಟಿನ ಕೆಂಪು ರಸ ಕುಡಿದ ಮಾತ್ರಕ್ಕೆ ರಕ್ತ ಹೆಚ್ಚಿತೆಂದು ನಂಬಿ ಔಷಧವನ್ನು ಬಿಡುವವರನ್ನು ಕಂಡಾಗ ಮನಸ್ಸಿಗೆ ನೋವಾಗುತ್ತದೆ.

ಶಸ್ತ್ರಕ್ರಿಯೆಯ ದಿನ ಹತ್ತಿರವಾದಂತೆ, ರೋಗಿಯು ಸೇವಿಸುತ್ತಿರುವ ಔಷಧಗಳ ಪಟ್ಟಿಯನ್ನು, ನಾಟಿಮದ್ದು ಕಷಾಯಗಳನ್ನೂ ಬಿಡದೆ, ವೈದ್ಯರ ಮುಂದಿಡಬೇಕು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರೂ, ಹೆಪ್ಪುಗಟ್ಟುವಿಕೆಯನ್ನು ತಡೆಯುವ ಗುಳಿಗೆ ನುಂಗುತ್ತಿರುವವರೂ ಇದರಲ್ಲಿ ವಿಶೇಷವಾಗಿ ಜಾಗರೂಕರಾಗಿರಬೇಕು. ಯಾವುದನ್ನು ಎಷ್ಟು ದಿನ ಮೊದಲು ನಿಲ್ಲಿಸಬೇಕು, ಯಾವುದನ್ನು ನಿಲ್ಲಿಸಲೇಬಾರದು ಎಂಬುದನ್ನು ಹೃದಯದ ವೈದ್ಯರೂ ಅರಿವಳಿಕೆ ತಜ್ಞರೂ ಸಮಾಲೋಚಿಸಿ ನಿರ್ಣಯಿಸಬೇಕೇ ಹೊರತು ರೋಗಿಯಾಗಲಿ ನೆರೆಮನೆಯವರಾಗಲಿ ಅಲ್ಲ.

ಶಸ್ತ್ರಶಾಲೆಯೊಳಗೆ ರಕ್ತವನ್ನು ಉಳಿಸುವ ಉಪಾಯಗಳು ಹಲವು, ಅವುಗಳಲ್ಲಿ ಕೆಲವು ತೀರ ಸರಳವಾದವು. ಬೆನ್ನಿಗೆ ಸೂಜಿಯಿಂದ ಅರಿವಳಿಕೆ ಕೊಟ್ಟರೆ ರಕ್ತದ ಒತ್ತಡ ಹದವಾಗಿ ತಗ್ಗಿ ಸ್ರಾವವೂ ಕಡಿಮೆಯಾಗುವುದುಂಟು. ರೋಗಿಯ ಮೈಯನ್ನು ಬೆಚ್ಚಗಿಡುವುದೂ ಒಂದು ಚಿಕಿತ್ಸೆಯೆಂದರೆ ಕೇಳಿದವರಿಗೆ ಆಶ್ಚರ್ಯವಾದೀತು. 1996ರಲ್ಲಿ ವಿಯೆನ್ನಾ ನಗರದ ವೈದ್ಯರು ಸೊಂಟದ ಕೀಲು ಬದಲಿಸಿಕೊಳ್ಳುತ್ತಿದ್ದ ಅರವತ್ತು ರೋಗಿಗಳನ್ನು ಎರಡು ಗುಂಪು ಮಾಡಿ ಪರೀಕ್ಷಿಸಿದಾಗ, ದೇಹದ ಉಷ್ಣತೆಯು ಕೇವಲ ಒಂದೂವರೆ ಡಿಗ್ರಿಯಷ್ಟು ಇಳಿದ ಗುಂಪಿನಲ್ಲಿ ರಕ್ತನಷ್ಟವು ಸರಾಸರಿ ಅರ್ಧ ಲೀಟರು ಹೆಚ್ಚಾಗಿದ್ದುದು ಕಂಡುಬಂದಿತು. ತಣ್ಣಗಾದ ರಕ್ತವು ಸರಿಯಾಗಿ ಹೆಪ್ಪುಗಟ್ಟಲಾರದೆಂಬುದೇ ಇದರ ಮರ್ಮ. ಒಂದು ಬೆಚ್ಚನೆಯ ಹೊದಿಕೆ, ಬಿಸಿಮಾಡಿದ ದ್ರವ, ಇಷ್ಟರಿಂದ ಅರ್ಧ ಲೀಟರು ರಕ್ತ ಉಳಿಯುವುದಾದರೆ ಯಾವ ಸಣ್ಣ ಆಸ್ಪತ್ರೆಯೂ ಅದನ್ನು ಉಪೇಕ್ಷಿಸಲಾಗದು.

ಇವೆಲ್ಲಕ್ಕಿಂತಲೂ ಮಿಗಿಲಾದ ಉಪಕಾರವನ್ನು ಮಾಡಿರುವುದು ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಔಷಧ. ಅದರ ಇತಿಹಾಸವನ್ನು ಹೇಳದೆ ಮುಂದುವರಿಯುವುದಕ್ಕೆ ನನಗೆ ಮನಸ್ಸು ಬಾರದು. ಎರಡನೆಯ ಮಹಾಯುದ್ಧದಿಂದ ಜರ್ಜರಿತವಾಗಿದ್ದ ಜಪಾನಿನಲ್ಲಿ ಶೋಸುಕೆ ಒಕಮೊಟೊ ಮತ್ತು ಉಟಾಕೊ ಒಕಮೊಟೊ ಎಂಬ ದಂಪತಿಗಳು, ಹೆರಿಗೆಯಲ್ಲಿ ರಕ್ತ ಸುರಿದು ಸಾಯುತ್ತಿದ್ದ ತಾಯಂದಿರನ್ನು ಉಳಿಸುವ ಔಷಧವನ್ನು ಹುಡುಕಬೇಕೆಂದು ಸಂಕಲ್ಪಿಸಿದರು. ಸಾಮಗ್ರಿಗೆ ಅಭಾವವಿದ್ದ ಆ ಕಾಲದಲ್ಲಿ ರಕ್ತವನ್ನೇ ಸಂಶೋಧನೆಯ ವಿಷಯವಾಗಿ ಆರಿಸಿಕೊಳ್ಳುವುದಕ್ಕೆ ಇದ್ದ ಒಂದು ಕಾರಣವೆಂದರೆ, ಪ್ರಯೋಗಕ್ಕೆ ಸಾಲದಾದಾಗ ತಮ್ಮ ರಕ್ತವನ್ನೇ ತೆಗೆದು ಬಳಸಬಹುದೆಂಬುದು. ಮಗುವನ್ನು ನೋಡಿಕೊಳ್ಳುವವರಿಲ್ಲದೆ ಉಟಾಕೊ ಅದನ್ನು ಬೆನ್ನಿಗೆ ಕಟ್ಟಿಕೊಂಡೇ ಪ್ರಯೋಗಶಾಲೆಯಲ್ಲಿ ದುಡಿದರು. ಅವರ ಶ್ರಮ ಫಲಿಸಿ ಈ ಔಷಧದ ವಿವರ ಪ್ರಕಟವಾದದ್ದು 1962ರಲ್ಲಿ, ಎಂದರೆ ಚಾರ್ನ್‌ಲಿಯವರು ತಮ್ಮ ಕೀಲನ್ನು ಸಿದ್ಧಿಗೆ ತಂದ ವರ್ಷದಲ್ಲಿಯೇ. ಆದರೂ ಲ್ಯಾಂಕಷೈರಿನ ಕೀಲೂ ಜಪಾನಿನ ಔಷಧವೂ ಒಂದೇ ಶಸ್ತ್ರಶಾಲೆಯಲ್ಲಿ ವ್ಯಾಪಕವಾಗಿ ಕೂಡಿ ಬಳಕೆಯಾಗುವುದಕ್ಕೆ ಹಲವು ದಶಕಗಳು ಹಿಡಿದವು.

ಟ್ರಾನೆಕ್ಸಾಮಿಕ್ ಆಸಿಡ್ ಕೆಲಸ ಮಾಡುವ ರೀತಿ ಹೀಗಿದೆ: ಗಾಯದ ಬಾಯಲ್ಲಿ ರಕ್ತ ಹೆಪ್ಪುಗಟ್ಟಿದೊಡನೆ, ಆ ಹೆಪ್ಪನ್ನು ಕರಗಿಸುವ ಇನ್ನೊಂದು ವ್ಯವಸ್ಥೆಯೂ ದೇಹದಲ್ಲಿ ಎಚ್ಚರಗೊಳ್ಳುತ್ತದೆ, ಈ ಔಷಧವು ಹೊಸ ಹೆಪ್ಪನ್ನು ಹುಟ್ಟಿಸುವುದಿಲ್ಲ, ಹುಟ್ಟಿದ ಹೆಪ್ಪು ಬೇಗನೆ ಕರಗದಂತೆ ಕಾಯುತ್ತದೆ. ಕೊಯ್ತಕ್ಕೆ ಮೊದಲು ಸುಮಾರು ಒಂದು ಗ್ರಾಮಿನಷ್ಟನ್ನು ನರದಲ್ಲಿ ಕೊಟ್ಟರೆ ರಕ್ತನಷ್ಟ ಗಮನಾರ್ಹವಾಗಿ ತಗ್ಗುತ್ತದೆ, ರಕ್ತ ಪಡೆಯಬೇಕಾದವರ ಸಂಖ್ಯೆಯೂ ಇಳಿಯುತ್ತದೆ. 2010ರಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕಿದ ಗಾಯಾಳುಗಳ ಮೇಲೆ ನಡೆದ ಪರೀಕ್ಷೆಯ ಫಲ ಪ್ರಕಟವಾದ ಮೇಲೆ, ಬೇಡದ ಕಡೆ ರಕ್ತನಾಳ ಕಟ್ಟಿಕೊಂಡೀತೆಂಬ ಭಯವೂ ಬಹುಮಟ್ಟಿಗೆ ದೂರವಾಯಿತು. ಈಚೆಗೆ ಹೆಪ್ಪಿನ ತೊಂದರೆ ಅನುಭವಿಸಿದವರಿಗೆ, ಅಪಸ್ಮಾರವಿರುವವರಿಗೆ, ಮೂತ್ರಪಿಂಡ ಸೊರಗಿದವರಿಗೆ ಕೊಡುವಾಗ ಮಾತ್ರ ವೈದ್ಯರು ವಿಶೇಷವಾಗಿ ಯೋಚಿಸುತ್ತಾರೆ. ದುಬಾರಿಯಲ್ಲದ, ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೂ ಎಟಕುವ ಔಷಧ ಇದೆಂಬುದು ಸಂತೋಷದ ಸಂಗತಿ.

ಇಷ್ಟೆಲ್ಲ ಮಾಡಿಯೂ ರಕ್ತ ಕೊಡಬೇಕಾಗಿ ಬಂದರೆ, ಯಾವಾಗ ಕೊಡಬೇಕು? ಅಮೆರಿಕದ ಇಬ್ಬರು ವೈದ್ಯರು 1942ರಲ್ಲಿ ಸೂಚಿಸಿದಂತೆ, ಹಿಮೋಗ್ಲೋಬಿನ್ 10 ಗ್ರಾಮಿಗಿಂತ ಇಳಿದರೆ ರಕ್ತ ಕೊಡತಕ್ಕದ್ದೆಂಬ ನಿಯಮ ಬಹುಕಾಲ ನಡೆದುಬಂದಿತು. 2011ರಲ್ಲಿ ಪ್ರಕಟವಾದ ಒಂದು ಮಹತ್ವದ ಅಧ್ಯಯನವು ಈ ನಂಬಿಕೆಯನ್ನು ಒರೆಗೆ ಹಚ್ಚಿತು. ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆ ಪಡೆದ, ಹೃದ್ರೋಗವನ್ನೋ ಅದರ ಅಪಾಯವನ್ನೋ ಹೊಂದಿದ್ದ 2016 ಮಂದಿಯಲ್ಲಿ ಅರ್ಧದಷ್ಟು ಜನಕ್ಕೆ 10 ಗ್ರಾಮಿಗಿಂತ ಕೆಳಗಿಳಿದಾಗಲೇ, ಉಳಿದವರಿಗೆ 8 ಗ್ರಾಮಿಗಿಂತ ಇಳಿದಾಗ ಅಥವಾ ಬಳಲಿಕೆಯ ಲಕ್ಷಣಗಳು ಕಾಣಿಸಿದಾಗ ಮಾತ್ರ ರಕ್ತ ಕೊಟ್ಟರು. ಅರವತ್ತು ದಿನಗಳ ತರುವಾಯ ನೋಡಿದರೆ, ಬದುಕುಳಿಯುವುದರಲ್ಲಾಗಲಿ ನಡೆಯುವ ಶಕ್ತಿಯಲ್ಲಾಗಲಿ ಎರಡು ಗುಂಪುಗಳಿಗೂ ಭೇದವಿರಲಿಲ್ಲ. ಎರಡನೆಯ ಗುಂಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ರಕ್ತವೇ ಬೇಕಾಗಲಿಲ್ಲ. ಆದ್ದರಿಂದ ಇಂದಿನ ಪದ್ಧತಿಯಲ್ಲಿ ಸಂಖ್ಯೆಯೊಂದನ್ನೇ ನೋಡದೆ ಮನುಷ್ಯನನ್ನು ನೋಡುತ್ತಾರೆ. ಒಂದು ಬಾಟಲಿ ಕೊಟ್ಟು, ಮತ್ತೆ ಪರೀಕ್ಷಿಸಿ, ಅಗತ್ಯವಿದ್ದರೆ ಮಾತ್ರ ಎರಡನೆಯದನ್ನು ಕೊಡುತ್ತಾರೆ.

ಪರರ ರಕ್ತವು ಪ್ರಾಣವನ್ನುಳಿಸುವ ವಸ್ತುವೆಂಬುದರಲ್ಲಿ ಸಂದೇಹವಿಲ್ಲ. ಬೇಕಾದಾಗ ಅದನ್ನು ನಿರಾಕರಿಸುವುದು ಅವಿವೇಕ. ನಮ್ಮ ರಕ್ತನಿಧಿಗಳಲ್ಲಿ ಪ್ರತಿಯೊಂದು ಬಾಟಲಿಯನ್ನೂ ಎಚ್‌ಐವಿ, ಎರಡು ಬಗೆಯ ಕಾಮಾಲೆ, ಸಿಫಿಲಿಸ್, ಮಲೇರಿಯಾ ಎಂಬ ಐದು ಸೋಂಕುಗಳಿಗಾಗಿ ಪರೀಕ್ಷಿಸಲಾಗುತ್ತದೆ. 1998ರ ಜನವರಿಯಿಂದ ಹಣಕ್ಕೆ ರಕ್ತ ಮಾರುವ ಪದ್ಧತಿಯೂ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಫಲವಾಗಿ ನಿಷಿದ್ಧವಾಗಿದೆ. ಆದರೂ ಅನ್ಯರ ಕಣಗಳಿಗೆ ದೇಹವು ಪ್ರತಿಭಟಿಸಬಹುದು, ಜ್ವರ ಬರಬಹುದು, ಹೃದಯ ದುರ್ಬಲವಾದವರಲ್ಲಿ ಶ್ವಾಸಕೋಶಕ್ಕೆ ನೀರು ತುಂಬಬಹುದು. ಆಸ್ಪತ್ರೆಯ ಹೊರಾಂಗಣದಲ್ಲಿ ಮಗನೋ ಅಳಿಯನೋ ಎರಡು ಬಾಟಲಿ ರಕ್ತಕ್ಕಾಗಿ ಕಂಡಕಂಡವರಿಗೆ ದೂರವಾಣಿ ಮಾಡುತ್ತ ಕಳವಳಪಡುವ ನೋಟ ನಮ್ಮೂರುಗಳಲ್ಲಿ ಅಪರೂಪವಲ್ಲ. ಗೊತ್ತಾದ ದಿನದಂದು ನಡೆಯುವ ಶಸ್ತ್ರಕ್ರಿಯೆಗೆ ಹೀಗಾಗಬೇಕಾದುದಿಲ್ಲ. ನಾಲ್ಕು ವಾರ ಮೊದಲು ಗುಳಿಗೆ ಕೊಟ್ಟು ಉಳಿಸಿದ ಒಂದೊಂದು ಬಾಟಲಿಯೂ ಅಪಘಾತದಲ್ಲಿ ಸಿಕ್ಕವನಿಗೆ, ಹೆರಿಗೆಯಲ್ಲಿ ರಕ್ತಸ್ರಾವವಾದ ತಾಯಿಗೆ, ತಿಂಗಳಿಗೊಮ್ಮೆ ರಕ್ತವಿಲ್ಲದೆ ಬದುಕಲಾಗದ ಥಲಸ್ಸೀಮಿಯಾದ ಮಗುವಿಗೆ ಸಲ್ಲುತ್ತದೆ.

ಮುದುಕರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಾಗ ಮಾತ್ರ ಈ ವಾರಗಳ ಲೆಕ್ಕ ನಡೆಯದು. ಅಲ್ಲಿ ತಡಮಾಡಿದಷ್ಟೂ ಅಪಾಯ. ರಕ್ತಹೀನತೆಯನ್ನು ಸರಿಪಡಿಸುವ ನೆವದಿಂದ ಅಂಥವರ ಶಸ್ತ್ರಚಿಕಿತ್ಸೆಯನ್ನು ಮುಂದೂಡದೆ, ಅಗತ್ಯವಿದ್ದರೆ ರಕ್ತ ಕೊಟ್ಟು, ಬೇಗನೆ ನಡೆಸಬೇಕಾಗುತ್ತದೆ.

ಶಸ್ತ್ರಚಿಕಿತ್ಸೆ ಮುಗಿದು ಮನೆಗೆ ಬಂದ ಮೇಲೂ ರಕ್ತದ ಚಿಂತೆ ಮುಗಿಯುವುದಿಲ್ಲ. ಗಾಯದ ಉರಿಯೂತದಿಂದ ಹೆಪ್ಸಿಡಿನ್ ಏರಿರುವ ಮೊದಲ ಕೆಲವು ದಿನಗಳಲ್ಲಿ ಕಬ್ಬಿಣದ ಗುಳಿಗೆಯಿಂದ ಪ್ರಯೋಜನ ಅತ್ಯಲ್ಪ. ಹಿಮೋಗ್ಲೋಬಿನ್ ಬಹಳ ಇಳಿದವರಿಗೆ ಆಸ್ಪತ್ರೆಯಲ್ಲಿರುವಾಗಲೇ ನರದ ಮೂಲಕ ಕಬ್ಬಿಣ ಕೊಡುವುದನ್ನು ವೈದ್ಯರು ಯೋಚಿಸುತ್ತಾರೆ. ಕಾಲಿನ ನಾಳಗಳಲ್ಲಿ ಹೆಪ್ಪು ಕಟ್ಟದಿರಲೆಂದು ಕೆಲವು ವಾರ ಕೊಡುವ ಔಷಧವನ್ನು ತಪ್ಪದೆ ತೆಗೆದುಕೊಳ್ಳಬೇಕು. ಆ ಕಾಲದಲ್ಲಿ ಮಲವು ಕಪ್ಪಾದರೆ, ಗಾಯ ಊದಿದರೆ ಅಥವಾ ಒಸರಿದರೆ, ನಿಂತಾಗ ಕಣ್ಣು ಕತ್ತಲೆಗಟ್ಟಿದರೆ ತಡಮಾಡದೆ ತಿಳಿಸಬೇಕು. ಕಬ್ಬಿಣದ ಗುಳಿಗೆಯಿಂದಲೂ ಮಲ ಕಪ್ಪಾಗುವುದು ನಿಜ. ಆದರೆ ಅದು ಡಾಂಬರಿನಂತೆ ಅಂಟಾಗಿಯೂ ದುರ್ಗಂಧವಾಗಿಯೂ ಇದ್ದರೆ ರಕ್ತಸ್ರಾವವೆಂದೇ ಶಂಕಿಸಬೇಕು. ನಾಲ್ಕಾರು ವಾರಗಳ ಮೇಲೆ ಹಿಮೋಗ್ಲೋಬಿನ್ನನ್ನು ಮತ್ತೊಮ್ಮೆ ನೋಡಿಸುವುದು ಮರೆಯತಕ್ಕದ್ದಲ್ಲ.

ಶ್ರೋತೃಗಳೇ, ನಿಮ್ಮ ಮನೆಯಲ್ಲಿ ಯಾರಿಗಾದರೂ ಕೀಲು ಬದಲಿಸಬೇಕೆಂದು ವೈದ್ಯರು ಹೇಳಿದ ದಿನವೇ ಅವರನ್ನು ವಿನಯದಿಂದ ನಾಲ್ಕು ಮಾತು ಕೇಳಿ: ಹಿಮೋಗ್ಲೋಬಿನ್ ಎಷ್ಟಿದೆ? ಕಬ್ಬಿಣದ ದಾಸ್ತಾನು ಸಾಕಷ್ಟಿದೆಯೇ? ಕಡಿಮೆಯಿದ್ದರೆ ಕಾರಣವೇನು? ಅದನ್ನು ಸರಿಪಡಿಸಿಕೊಂಡು ಬರಲು ನಮಗೆ ಎಷ್ಟು ಕಾಲ ಕೊಡುವಿರಿ? ಈ ಪ್ರಶ್ನೆಗಳಿಂದ ಒಳ್ಳೆಯ ವೈದ್ಯರು ಬೇಸರಪಡುವುದಿಲ್ಲ, ಸಂತೋಷಪಡುತ್ತಾರೆ. ಶಸ್ತ್ರವೈದ್ಯನ ಕೈಚಳಕವು ಅವನ ಅಭ್ಯಾಸದಿಂದ ಬಂದದ್ದು, ಕೀಲು ಕಾರ್ಖಾನೆಯಿಂದ ಬಂದದ್ದು; ಇವೆರಡೂ ಹಣಕ್ಕೆ ದೊರೆಯುತ್ತವೆ. ರೋಗಿಯು ತನ್ನದೇ ದೇಹದಲ್ಲಿ ವಾರಗಟ್ಟಲೆ ಬೆಳೆಸಿಕೊಂಡು ತರುವ ರಕ್ತವನ್ನು ಮಾತ್ರ ಆ ದಿನ ಬೆಳಗ್ಗೆ ಯಾರೂ ಸಿದ್ಧಪಡಿಸಿ ಕೊಡಲಾರರು. ಆ ಸಿದ್ಧತೆಗೆ ಬೇಕಾದ ಕಾಲವನ್ನು ರೋಗಿಗೆ ಕೊಡುವುದು ವೈದ್ಯರ ಕರ್ತವ್ಯ. ಕೊಟ್ಟ ಕಾಲವನ್ನು ಸದ್ವಿನಿಯೋಗ ಮಾಡಿಕೊಳ್ಳುವುದು ರೋಗಿಯ ಮತ್ತು ಅವನ ಮನೆಯವರ ಕರ್ತವ್ಯ.